ಬಾರೂಸಿನ ಕಲ್ಲು ಮತ್ತು ಕಲ್ಯಾಣದ ಪೇಟೆ

ಕಲ್ಯಾಣದ ಚರಿತ್ರೆ ಬರೆಯಲು ಕೂತವರು ಅರಮನೆಯಿಂದ ಅನುಭವ ಮಂಟಪಕ್ಕೆ, ಅಲ್ಲಿಂದ ಕೋಟೆಗೆ ಹೋಗುತ್ತಾರೆ. ಪೇಟೆಯ ಕಡೆ ತಿರುಗುವವರು ಕಡಿಮೆ. ಬಸವಕಲ್ಯಾಣ, ಹುಮನಾಬಾದಿನ ವರ್ತಕ ಮನೆತನಗಳ ಕೈಗೆ ಹೋಗುವ ಈ ಸಂಚಿಕೆಯಲ್ಲಾದರೂ ಅಯ್ಯಾವೊಳೆ ಐನೂರ್ವರ ಮಾತು ಬರಬೇಕು.

ಐಹೊಳೆಯಿಂದ ಹೆಸರು ಪಡೆದ ಈ ವರ್ತಕ ಸಂಘ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿತ್ತು. ವೀರಬಣಂಜುಗಳು, ನಾನಾದೇಸಿಗಳು ಎಂದೂ ಶಾಸನಗಳು ಇವರನ್ನು ಕರೆಯುತ್ತವೆ. ಇವರದೇ ಒಂದು ಕಲ್ಲು 19ನೆಯ ಶತಮಾನದಲ್ಲಿ ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ, ಬಾರೂಸ್ ಹತ್ತಿರದ ಲೋಬು ತುವಾದಲ್ಲಿ ಸಿಕ್ಕಿತು. ಅದರ ಕಾಲ ಶಕ 1010, ಅಂದರೆ ಕ್ರಿ.ಶ. 1088. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ಹಡಗಿನ ಒಡೆಯರೂ ನಾವಿಕರೂ ಕಸ್ತೂರಿಯ ಬೆಲೆಗೆ ತಕ್ಕಂತೆ ಚಿನ್ನದಲ್ಲಿ ಸುಂಕ ಕೊಡಬೇಕೆಂದು ಐನೂರ್ವರು ಅಲ್ಲಿ ಕಟ್ಟಳೆ ಮಾಡಿದ್ದಾರೆ.

ಕಲ್ಲಿನ ಭಾಷೆ ತಮಿಳು. ಹಾಗಾಗಿ ಕಲ್ಯಾಣದ ಸೆಟ್ಟಿಯೊಬ್ಬ ಅಲ್ಲಿ ನಿಂತಿದ್ದ ಎಂದು ಹೇಳಲು ನಾನು ಮುಂದಾಗುವುದಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಆ ಶತಮಾನದ ನಡುವಿನಲ್ಲೇ ಚೋಳ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು, ಇಲ್ಲಿಯ ದ್ವಾರಪಾಲಕನ ವಿಗ್ರಹವನ್ನು ಹೊತ್ತೊಯ್ದಿದ್ದ. ಅದು ಇಂದಿಗೂ ತಂಜಾವೂರಿನಲ್ಲಿದೆ, ವಿಗ್ರಹದ ಪೀಠದಲ್ಲೇ ಆ ಸಂಗತಿ ಕೊರೆದಿದೆ. ಅರಸರು ಹೀಗೆ ಬಡಿದಾಡುತ್ತಿದ್ದಾಗ ಕನ್ನಡ ನಾಡಿನ ಊರಿನ ಹೆಸರು ಹೊತ್ತ ಸಂಘ ತಮಿಳಿನಲ್ಲಿ ಕಟ್ಟಳೆ ಬರೆದು ಕಡಲಾಚೆ ವ್ಯಾಪಾರ ನಡೆಸಿತು. ಹುಮನಾಬಾದ ತಾಲ್ಲೂಕಿನ ಜಲಸಂಗಿ ಗುಡಿಯ ಗೋಡೆಯ ಮೇಲೆ ಶಿಲಾಬಾಲಿಕೆ ಬರೆಯುತ್ತಿರುವ ಸಾಲು, ವಿಕ್ರಮಾದಿತ್ಯ ಸಪ್ತದ್ವೀಪಗಳ ಭೂಮಿಯನ್ನು ತನ್ನದಾಗಿಸಿಕೊಳ್ಳುವನು ಎನ್ನುತ್ತದೆ. ಅದು ಕವಿಯ ಸ್ತುತಿ. ಅವನ ಕಾಲದಲ್ಲೇ ದೂರದ ದ್ವೀಪವೊಂದರಲ್ಲಿ ಕಲ್ಲು ನಿಲ್ಲಿಸಿದವರು ವರ್ತಕರು.

ಅಷ್ಟು ದೂರ ಅವರನ್ನು ಸೆಳೆದದ್ದು ಕರ್ಪೂರ. ಬಾರೂಸಿನ ಹಿಂದಣ ಕಾಡಿನ ಮರಗಳ ಒಳಗೆ ಹರಳುಗಟ್ಟುವ ಕರ್ಪೂರಕ್ಕೆ ಅರಬ್ಬರೂ ಚೀನೀಯರೂ ಮುಗಿಬೀಳುತ್ತಿದ್ದರು. ಶಿಕಾರಿಪುರ ತಾಲ್ಲೂಕಿನ ಶಾಸನವೊಂದು ಐನೂರ್ವರ ಸರಕುಗಳನ್ನು ಹೆಸರಿಸುವಾಗ ಏಲಕ್ಕಿ, ಶ್ರೀಗಂಧಗಳ ಜೊತೆ ಕರ್ಪೂರ, ಲವಂಗಗಳನ್ನೂ ಹೇಳುತ್ತದೆ. ಆ ಕಾಲಕ್ಕೆ ಲವಂಗ ಬೆಳೆಯುತ್ತಿದ್ದುದು ಇಂಡೋನೇಷ್ಯಾದ ಪೂರ್ವ ಭಾಗದ ಮೊಲುಕ್ಕಾ ದ್ವೀಪಗಳಲ್ಲಿ ಮಾತ್ರ. ಶಾಸನದ ಈ ಒಂದು ಪದ ಎಷ್ಟು ಸಮುದ್ರ ದಾಟಿ ಬಂದಿದೆ ಎಂದು ತಿಳಿಸಲು ಸಸ್ಯಶಾಸ್ತ್ರವೇ ಬೇಕಾಯಿತು.

ಬಾರೂಸಿನ ಅಧ್ಯಯನವೂ ಹಾಗೆಯೇ ಹಲವು ವಿದ್ಯೆಗಳ ನೆರವಿನಿಂದ ಬೆಳೆಯಿತು. ಇತಿಹಾಸಕಾರ ಕೆ.ಎ. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಆ ಶಾಸನದ ಬಗ್ಗೆ ಬರೆದರು. 1990ರ ದಶಕದಲ್ಲಿ ಫ್ರಾನ್ಸ್ ಮತ್ತು ಇಂಡೋನೇಷ್ಯಾದ ಪುರಾತತ್ತ್ವಜ್ಞರು ಲೋಬು ತುವಾದಲ್ಲಿ ಅಗೆದರು, ಶಾಸನತಜ್ಞ ವೈ. ಸುಬ್ಬರಾಯಲು ಶಾಸನವನ್ನು ಮತ್ತೆ ಓದಿದರು. ಲಿಪಿ ಬಲ್ಲವರು, ಮಡಕೆ ಚೂರು ಬಲ್ಲವರು, ಮಲಯ ಭಾಷೆ ಬಲ್ಲವರು ಒಟ್ಟಿಗೆ ಕೂತದ್ದರಿಂದ ಒಂದು ಬಂದರಿನ ಬದುಕು ಕಣ್ಣಿಗೆ ಕಟ್ಟಿತು.

ಹೀಗೆ ಒಟ್ಟಿಗೆ ಕೂರಲು ನಮ್ಮಲ್ಲೂ ಜಾಗವಿದೆ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ನಮ್ಮ ಎರಡೂ ಊರುಗಳಲ್ಲಿ ಕಾಲೇಜುಗಳಿವೆ. ಇತಿಹಾಸ, ಕನ್ನಡ, ವಾಣಿಜ್ಯ, ಸಸ್ಯಶಾಸ್ತ್ರ ವಿಭಾಗಗಳ ನಡುವಿನ ಗೋಡೆ ಮಾತ್ರ ಗಟ್ಟಿಯಾಗಿದೆ. ಬೀದರ ಜಿಲ್ಲೆಯ ಅಚ್ಚಾದ ಶಾಸನಗಳಲ್ಲಿ ಸೆಟ್ಟಿ, ಸುಂಕ, ಸಂತೆ, ಸರಕುಗಳ ಉಲ್ಲೇಖಗಳನ್ನು ಹೆಕ್ಕಿ, ಬಾರೂಸಿನ ಪಾಠದ ಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಎಂ.ಎ. ವಿದ್ಯಾರ್ಥಿಗಳೇ ಈ ವರ್ಷ ಶುರು ಮಾಡಬಹುದು.