ಅರಮನೆಯ ಚೀತಾ, ಮನೆಯ ಗಿಣಿ

ಕೃಷ್ಣೆಯ ದಂಡೆಯ ಗಲಗಲಿಯಲ್ಲಿ, ನಮ್ಮ ಮನೆಯ ಪಡಸಾಲೆಯ ತೊಲೆಗೆ ಗಿಣಿಯ ಪಂಜರವೊಂದು ತೂಗುತ್ತಿತ್ತು. ಹುಡುಗನಾಗಿದ್ದಾಗ ಒಂದು ದಿನ ಕನಿಕರಗೊಂಡು ಅದರ ಬಾಗಿಲು ತೆರೆದೆ. ಗಿಣಿ ಅಂಗಳದ ಬೇವಿನ ಮರವನ್ನೂ ಮುಟ್ಟಲಾರದೆ ನೆಲಕ್ಕಿಳಿಯಿತು. ಬೆಕ್ಕು ಅಲ್ಲಿಯೇ ಇತ್ತು. "ರೆಕ್ಕಿ ಇದ್ದರ ಆತೇನೋ ತಮ್ಮಾ, ಹಾರೂದು ಕಲಸಾವರು ಬ್ಯಾಡೇನು?" ಎಂದಳು ಅಜ್ಜಿ. ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಬಹುಕಾಲದ ಮೇಲೆ, ಚೀತಾದ ಚರಿತ್ರೆಯನ್ನು ಓದುವಾಗ.

ನಮ್ಮ ಅರಸರು ಸಾಕಿದ ವಿಚಿತ್ರ ಪ್ರಾಣಿಗಳಲ್ಲಿ ಚೀತಾಕ್ಕೆ ಅಗ್ರಸ್ಥಾನ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚೀತಾದಿಂದ ಆಡುವ ಬೇಟೆಯ ವಿವರವಿದೆ. ಕಣ್ಣಿಗೆ ಟೊಪ್ಪಿಗೆ ಕಟ್ಟಿ, ಎತ್ತಿನ ಬಂಡಿಯಲ್ಲಿ ಕೂರಿಸಿ, ಚಿಗರಿಗಳ ಹಿಂಡಿನ ಬಳಿ ಒಯ್ದು ಅದನ್ನು ಬಿಡುವುದು ಮುಂದಿನ ಕಾಲದ ವಾಡಿಕೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಟಿಪ್ಪುವಿನ ಬೇಟೆ ಚೀತಾಗಳೂ ಇಂಗ್ಲಿಷರ ವಶವಾದವು.

ಈ ಅರಸರು ಅದನ್ನು ದ್ವೇಷಿಸಿದವರಲ್ಲ; ಮುದ್ದಿನಿಂದಲೇ ಸಾಕಿದರು. ಆದರೆ ಸೆರೆಯಲ್ಲಿ ಚೀತಾ ಮರಿ ಹಾಕುವುದು ಅತ್ಯಪರೂಪ. ನೂರಾರು ಚೀತಾಗಳಿದ್ದ ಮೊಗಲರ ಆಸ್ಥಾನದಲ್ಲಿಯೂ ಅಂಥ ಒಂದೇ ಪ್ರಸಂಗವನ್ನು ಜಹಾಂಗೀರನು ಬೆರಗಿನಿಂದ ಬರೆದಿಟ್ಟಿದ್ದಾನೆ. ಮರಿಯನ್ನು ತಂದು ಬೆಳೆಸೋಣವೆಂದರೆ, ತಾಯಿ ಕಲಿಸದ ಬೇಟೆ ಅದಕ್ಕೆ ಬಾರದು. ಆದುದರಿಂದ ಬೇಟೆ ಬಲ್ಲ, ಬೆಳೆದ ಚೀತಾವನ್ನೇ ಕಾಡಿನಿಂದ ಹಿಡಿಯಬೇಕು. ಅರಮನೆಯಲ್ಲಿ ಒಂದು ಸತ್ತಾಗ ಬಯಲಿನಲ್ಲಿ ಮತ್ತೊಂದಕ್ಕೆ ಬಲೆ. ಹುಲ್ಲುಗಾವಲು ಹೊಲವಾದದ್ದೂ, ಬಂದೂಕು ಬಂದದ್ದೂ ಇದಕ್ಕೆ ಸೇರಿದವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಮ್ಮ ನೆರೆಯ ಕೊಲ್ಲಾಪುರದ ಸಂಸ್ಥಾನಿಕರು ಆಫ್ರಿಕೆಯಿಂದ ಚೀತಾಗಳನ್ನು ತರಿಸಬೇಕಾಯಿತು! 1952ರಲ್ಲಿ ಚೀತಾ ಭಾರತದಲ್ಲಿ ನಿರ್ನಾಮವಾಯಿತೆಂದು ಸರಕಾರವೇ ಸಾರಿತು. ಮತ್ತೆ 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು. ಎಂಟುನೂರು ವರ್ಷ ಸಾಕಿದ ನಾಡು, ಕಡೆಗೆ ಕಡ ತರಬೇಕಾಯಿತು.

ಇಂದು ನಮ್ಮ ನಾಡಿನ ಗಿಣಿಯನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರುದ್ಧ. ಆದರೆ ನಗರದ ಮನೆಗಳಿಗೆ ಮಕಾವ್ ಗಿಣಿ, ಇಗ್ವಾನಾ, ಪರದೇಶದ ಹಾವುಗಳು ಬರುತ್ತಿವೆ. ವಿದೇಶೀ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂಬ ನಿಯಮಗಳು 2024ರಲ್ಲಿ ಬಂದಿವೆ. ಆದರೆ ಆ ಪ್ರಾಣಿಯು ಯಾವ ಕಾಡನ್ನು ಬರಿದುಮಾಡಿ ಬಂದಿತೆಂಬುದನ್ನು ನೋಂದಣಿಯ ಕಾಗದ ಹೇಳೀತೆ? ಅದನ್ನು ಸಾಕುವವನೇ ಕೇಳಿಕೊಳ್ಳಬೇಕು.

ನಮ್ಮ ಪಡಸಾಲೆಯ ತೊಲೆಯಲ್ಲಿ ಪಂಜರದ ಕೊಂಡಿ ಇನ್ನೂ ಉಳಿದಿದೆ. ಅದನ್ನು ನಾನು ತೆಗೆಸಿಲ್ಲ.