ಕೆರೆಗೆ ಯಜಮಾನ ಯಾರು?

ಜಗಳೂರು ತಾಲೂಕಿನ ನಮ್ಮ ಸೊಕ್ಕೆ ಕಡೆ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ. ಅದೇ ದಾವಣಗೆರೆ ಜಿಲ್ಲೆಯ ಚನ್ನಗಿರಿಗೆ ಭದ್ರಾ ನಾಲೆ ಇದೆ, ಹೊನ್ನಾಳಿಗೆ ಪಕ್ಕದಲ್ಲೇ ತುಂಗಭದ್ರೆ. ನಮಗೆ ಮಳೆ, ಅದು ಕೈಕೊಟ್ಟರೆ ಬೋರು. ಹಾಗಾಗಿ ಇಲ್ಲಿ ಊರಿನ ಚರಿತ್ರೆ ಅಂದರೆ ಅರ್ಧ ಪಾಲು ಕೆರೆಯ ಚರಿತ್ರೆ.

ಹಿಂದೆ ಕೆರೆ ಕಾಯೋದು ಒಬ್ಬರ ಕೆಲಸ ಆಗಿರಲಿಲ್ಲ. ರಾಜನೋ ಪಾಳೆಯಗಾರನೋ ಭೂಮಿ ಬಿಡುತ್ತಿದ್ದ, ಊರವರು ಹೂಳೆತ್ತುತ್ತಿದ್ದರು, ನೀರಗಂಟಿ ತೂಬು ನೋಡಿಕೊಳ್ಳುತ್ತಿದ್ದ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಲ್ಲಾ ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಬಿಟ್ಟ ಮಾನ್ಯಗಳೇ. ಇದನ್ನು ಸುವರ್ಣಯುಗ ಅಂತ ಹೊಗಳೋಕೆ ನಾನು ಹೊರಟಿಲ್ಲ. ಬುಟ್ಟಿ ಹೊತ್ತವರು ಒಂದು ಕಡೆ, ಅಚ್ಚುಕಟ್ಟಿನ ಗದ್ದೆ ಉಂಡವರು ಇನ್ನೊಂದು ಕಡೆ.... ಅದೂ ಇತ್ತು.

ಮೈಸೂರು ಸಂಸ್ಥಾನದಲ್ಲಿ 1856ರಲ್ಲಿ ಲೋಕೋಪಯೋಗಿ ಇಲಾಖೆ ಶುರುವಾಯಿತು. ಸಂಸ್ಥಾನದ ಶೇಕಡ 60ರಷ್ಟು ಭೂಮಿ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಅಂತ 1866ರಲ್ಲಿ ಸ್ಯಾಂಕಿ ಬೆರಗಾಗಿ ಬರೆದರು. ಆದರೆ ಇಲಾಖೆ ಬಂದ ಮೇಲೆ ಜನರ ಮನಸ್ಸಿನಲ್ಲಿ ಕೆರೆ 'ಸರ್ಕಾರದ್ದು' ಆಗುತ್ತಾ ಹೋಯಿತು. ಸರ್ಕಾರಕ್ಕೂ ಇದರ ಬಿಸಿ ತಟ್ಟಿತು ಅನ್ಸುತ್ತೆ: 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ತಂದು ರೈತರನ್ನು ಮತ್ತೆ ಕರೆಯಿತು.

ನೂರು ವರ್ಷ ಕಳೆಯೋದರೊಳಗೆ ಅದೇ ಪಾಠ ಮತ್ತೊಮ್ಮೆ! 2002ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಲ ಸಂವರ್ಧನೆ ಯೋಜನೆ ಆರಂಭವಾಯಿತು. ದುಡ್ಡು ಸರ್ಕಾರದ್ದು, ಊರನ್ನು ಒಗ್ಗೂಡಿಸೋದು ಸ್ವಯಂಸೇವಾ ಸಂಸ್ಥೆಯ ಕೆಲಸ, ನಿರ್ವಹಣೆ ರೈತರ ಕೆರೆ ಬಳಕೆದಾರರ ಸಂಘದ್ದು. ಹೆಸರು ಹೊಸದು, ಲೆಕ್ಕ ಹಳೆಯದು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಇಲ್ಲಿ ಜಮೀನಿಲ್ಲದವರನ್ನೂ ಹೆಂಗಸರನ್ನೂ ಸಭೆಯಲ್ಲಿ ಕೂರಿಸುವ ಮಾತಿತ್ತು.

ಈಗ ನಮ್ಮ ತಾಲೂಕಿನ ಸರದಿ. ಹರಿಹರ ತಾಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯಲ್ಲಿ ಸರ್ಕಾರದ ಹಣ ಇದೆ, ಸಿರಿಗೆರೆ ತರಳಬಾಳು ಮಠದ ಒತ್ತಾಸೆ ಇದೆ, ರೈತರ ಹೋರಾಟ ಇದೆ. ಮೂರೂ ಸೇರದಿದ್ದರೆ ಪೈಪು ಇಲ್ಲಿ ತನಕ ಬರುತ್ತಿರಲಿಲ್ಲ.

ಆದರೆ ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. ನೀರು ಪೈಪಿನಲ್ಲಿ ಬರುತ್ತೆ, ಸರಿ. ಹೂಳು ಯಾರು ತೆಗೀತಾರೆ? ಮೋಟಾರಿನ ಕರೆಂಟ್ ಬಿಲ್ ಪ್ರತಿವರ್ಷ ಯಾರು ಕಟ್ತಾರೆ? ಮಳೆನೀರು ತರುವ ರಾಜಕಾಲುವೆ ಒತ್ತುವರಿಯಾದರೆ ಯಾರು ಬಿಡಿಸ್ತಾರೆ? ನೀರು ತರೋಕೆ ಎಲ್ಲರೂ ಸೇರಿದ್ದಾಯಿತು, ಉಳಿಸೋಕೆ ಯಾರು ಸೇರುತ್ತಾರೆ ಅನ್ನೋದು ಇನ್ನೂ ಬರೆಯಬೇಕಾದ ಅಧ್ಯಾಯ. ತೂಬಿನ ಹತ್ತಿರ ಒಬ್ಬ ನೀರಗಂಟಿ, ಅವನ ಹಿಂದೆ ಇಡೀ ಊರು... ಅಷ್ಟು ಆದರೂ ಬೇಕಲ್ಲವೇ?

ನಿಮ್ಮೂರ ಕೆರೆಗೆ ಈಗ ಯಜಮಾನ ಯಾರು? ಸ್ವಲ್ಪ ವಿಚಾರಿಸಿ ನೋಡಿ :)