ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ ಚಂಡಮಾರುತ ಮತ್ತು ಜನಸ್ಥಳಾಂತರ: ಗ್ಯಾಲ್ವೆಸ್ಟನ್–ಹ್ಯೂಸ್ಟನ್ ಪ್ರದೇಶದ ಒಂದು ಅಧ್ಯಯನ

1

ಚಂಡಮಾರುತದ ಆಗಮನವನ್ನು ಮುಂದಾಗಿ ತಿಳಿಸುವ ಶಾಸ್ತ್ರವು ಕಳೆದ ಒಂದು ಶತಮಾನದಲ್ಲಿ ಬೆಳೆದಷ್ಟು ವೇಗವಾಗಿ, ಆ ಸೂಚನೆಯನ್ನು ಕೇಳಿದ ಜನರಲ್ಲಿ ಯಾರು ಮನೆ ಬಿಡಬೇಕು, ಯಾವಾಗ ಬಿಡಬೇಕು, ಬಿಟ್ಟು ಎಲ್ಲಿಗೆ ಹೋಗಬೇಕು ಎಂಬ ವಿವೇಚನೆಯು ಬೆಳೆಯಲಿಲ್ಲವೆಂಬುದು ಕರಾವಳಿಯ ವಿಪತ್ತುಗಳ ಇತಿಹಾಸವನ್ನು ಪರಾಮರ್ಶಿಸಿದವರಿಗೆ ಗೋಚರಿಸದಿರದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯದಲ್ಲಿ ಮೆಕ್ಸಿಕೋ ಕೊಲ್ಲಿಯ ಅಂಚಿಗಿರುವ ಗ್ಯಾಲ್ವೆಸ್ಟನ್ ದ್ವೀಪವೂ ಅದರ ಬೆನ್ನಿಗೆ ಒಳನಾಡಿನಲ್ಲಿ ಹರಡಿಕೊಂಡಿರುವ ಹ್ಯೂಸ್ಟನ್ ಮಹಾನಗರವೂ ಈ ವಿಷಯದ ವಿಚಾರಣೆಗೆ ಅತ್ಯಂತ ಯೋಗ್ಯವಾದ ಕ್ಷೇತ್ರಗಳು. ಏಕೆಂದರೆ ಊರು ಬಿಡದೆ ಮಡಿದವರ ನಿದರ್ಶನವೂ ಊರು ಬಿಟ್ಟದ್ದರಿಂದಲೇ ಮಡಿದವರ ನಿದರ್ಶನವೂ ಈ ಒಂದೇ ಭೂಭಾಗದಲ್ಲಿ ದೊರೆಯುತ್ತವೆ. ಸ್ಥಳಾಂತರದ ಆಜ್ಞೆಯು ಗಾಳಿಯ ವೇಗಕ್ಕಿಂತ ನೀರಿನ ವ್ಯಾಪ್ತಿಯನ್ನು ಅನುಸರಿಸಬೇಕೆಂದೂ, ಆ ಆಜ್ಞೆಯನ್ನು ಪಾಲಿಸುವ ಶಕ್ತಿ ಯಾರಿಗಿಲ್ಲವೋ ಅವರ ಪ್ರಯಾಣದ ಭಾರವನ್ನು ಸಮಾಜವೇ ಹೊರಬೇಕೆಂದೂ ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಗ್ಯಾಲ್ವೆಸ್ಟನ್ ದ್ವೀಪವು ಸುಮಾರು 27 ಮೈಲಿ ಉದ್ದದ, ಅಗಲದಲ್ಲಿ ಮೂರು ಮೈಲಿಯನ್ನೂ ಮೀರದ ಒಂದು ಮರಳುಪಟ್ಟಿ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಹತ್ತಿಯ ರಫ್ತಿನಿಂದ ಸಂಪನ್ನವಾಗಿ, 37,000ಕ್ಕೂ ಮೀರಿದ ಜನವಸತಿಯಿಂದ ಕೂಡಿದ್ದ ಆ ನಗರದ ಅತ್ಯುನ್ನತ ಸ್ಥಳವು ಸಮುದ್ರಮಟ್ಟದಿಂದ ಒಂಬತ್ತು ಅಡಿಯಷ್ಟೂ ಎತ್ತರವಿರಲಿಲ್ಲ. ಅದೇ ತೀರದ ಇಂಡಿಯನೋಲಾ ಎಂಬ ರೇವುಪಟ್ಟಣವು 1875ರಲ್ಲಿಯೂ 1886ರಲ್ಲಿಯೂ ಚಂಡಮಾರುತಗಳಿಗೆ ತುತ್ತಾಗಿ ನಿರ್ನಾಮವಾದುದನ್ನು ಕಂಡೂ ಗ್ಯಾಲ್ವೆಸ್ಟನ್ನಿಗೆ ತಡೆಗೋಡೆ ಬೇಕೆಂಬ ಸಲಹೆಯು ಫಲಿಸಲಿಲ್ಲ. ಅಲ್ಲಿನ ಹವಾಮಾನ ಕಛೇರಿಯ ಅಧಿಕಾರಿಯಾಗಿದ್ದ ಐಸಾಕ್ ಕ್ಲೈನ್ 1891ರಲ್ಲಿ ಬರೆದ ಪತ್ರಿಕಾಲೇಖನದಲ್ಲಿ, ಭಾರೀ ಚಂಡಮಾರುತದಿಂದ ಈ ನಗರಕ್ಕೆ ಅಪಾಯವುಂಟೆಂಬ ಭಯವನ್ನೇ ಅಲ್ಲಗಳೆದಿದ್ದನು. 1900ರ ಸೆಪ್ಟೆಂಬರಿನಲ್ಲಿ ಕ್ಯೂಬಾವನ್ನು ದಾಟಿದ ಬಿರುಗಾಳಿಯು ಪಶ್ಚಿಮಾಭಿಮುಖವಾಗಿ ಕೊಲ್ಲಿಯೊಳಕ್ಕೆ ಸಾಗುವುದೆಂದು ಹವಾನಾದ ವೀಕ್ಷಕರು ಊಹಿಸಿದ್ದರೆ, ವಾಷಿಂಗ್ಟನ್ನಿನ ಹವಾಮಾನ ಇಲಾಖೆಯು ಅದು ಫ್ಲಾರಿಡಾದತ್ತ ತಿರುಗಿ ಅಟ್ಲಾಂಟಿಕ್ ಸಾಗರವನ್ನು ಸೇರುವುದೆಂದು ನಂಬಿತು. ಸೆಪ್ಟೆಂಬರ್ 8ರಂದು ಹದಿನೈದು ಅಡಿಗೂ ಮಿಗಿಲಾಗಿ ಏರಿದ ಸಮುದ್ರವು ದ್ವೀಪವನ್ನು ಸಂಪೂರ್ಣವಾಗಿ ಮುಳುಗಿಸಿತು. ಮೃತರ ಸಂಖ್ಯೆಯನ್ನು ಆರು ಸಾವಿರದಿಂದ ಹನ್ನೆರಡು ಸಾವಿರದವರೆಗೆ ಅಂದಾಜು ಮಾಡುತ್ತಾರೆ. ಕ್ಲೈನನ ಪತ್ನಿಯೂ ಅವರಲ್ಲೊಬ್ಬಳು.

ತದನಂತರ ಗ್ಯಾಲ್ವೆಸ್ಟನ್ ಜನರು ಕೈಗೊಂಡ ಪುನರ್ನಿರ್ಮಾಣವು ಸ್ಥಾಪತ್ಯದ ಇತಿಹಾಸದಲ್ಲಿ ಸ್ಮರಣಾರ್ಹವಾದುದು. 1902ರಲ್ಲಿ ಆರಂಭವಾಗಿ 1904ರಲ್ಲಿ ಮೊದಲ ಹಂತವನ್ನು ಮುಗಿಸಿದ ಹದಿನೇಳು ಅಡಿ ಎತ್ತರದ ಕಡಲಗೋಡೆಯ ಜೊತೆಗೆ, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ತಳದಿಂದ ಮೇಲೆತ್ತಿ, ಅವುಗಳ ಅಡಿಗೆ ಹೂಳೆತ್ತಿದ ಮರಳನ್ನು ತುಂಬಿ, ನಗರದ ನೆಲವನ್ನೇ ಎತ್ತರಿಸಲಾಯಿತು. 1915ರ ಪ್ರಬಲ ಚಂಡಮಾರುತದಲ್ಲಿ ಗೋಡೆಯ ಆಶ್ರಯದಲ್ಲಿದ್ದವರ ಪೈಕಿ ಸತ್ತವರು ಅತ್ಯಲ್ಪ. ಆದರೆ ಗೋಡೆಯು ಕೊಲ್ಲಿಗೆ ಎದುರಾಗಿ ಮಾತ್ರ ನಿಂತಿತ್ತು. ಹಿಂಬದಿಯ ಖಾರಿಯ ಕಡೆಯಿಂದ ನೀರು ಬರಬಹುದೆಂಬುದೂ, ಗೋಡೆಯಿಲ್ಲದ ಪಶ್ಚಿಮಭಾಗಕ್ಕೂ ನೆರೆಯ ಬೊಲಿವರ್ ಪರ್ಯಾಯದ್ವೀಪಕ್ಕೂ ಕಾಲಕ್ರಮೇಣ ವಸತಿಗಳು ಹಬ್ಬುವುವೆಂಬುದೂ ಪರಿಹಾರ ಕಾಣದೆ ಉಳಿದ ಪ್ರಶ್ನೆಗಳು.

3

ಚಂಡಮಾರುತವೆಂದೊಡನೆ ಮನಸ್ಸಿಗೆ ಗಾಳಿಯೇ ತೋರುವುದು ಸಹಜವಾದರೂ ಪ್ರಾಣಹರಣ ಮಾಡುವುದು ಪ್ರಾಯಶಃ ನೀರು. ಅಮೆರಿಕಾದಲ್ಲಿ 1963ರಿಂದ 2012ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳಿಂದ ನೇರವಾಗಿ ಸಂಭವಿಸಿದ ಮರಣಗಳನ್ನು ಪರಿಶೀಲಿಸಿದ ಎಡ್ವರ್ಡ್ ರಾಪಪೋರ್ಟ್, ಅವುಗಳಲ್ಲಿ ಶೇಕಡಾ ಸುಮಾರು 90 ನೀರಿನಿಂದಲೂ, ಒಟ್ಟಿನಲ್ಲಿ ಅರ್ಧದಷ್ಟು ಕಡಲುಬ್ಬರದಿಂದಲೂ ಆದುವೆಂದು ತೋರಿಸಿದ್ದಾರೆ. ಗಾಳಿಯು ದಡದತ್ತ ದೂಡಿದ ಜಲರಾಶಿಯು ಆಳವಿಲ್ಲದ ಕಡಲತಳವನ್ನು ಸಂಧಿಸಿ, ಹಿಂದಿರುಗಲು ಎಡೆಯಿಲ್ಲದೆ ಮೇಲೇರಿ ಒಳನುಗ್ಗುವುದೇ ಈ ಉಬ್ಬರದ ಕ್ರಮ. ಮೆಕ್ಸಿಕೋ ಕೊಲ್ಲಿಯ ಉತ್ತರತೀರದಲ್ಲಿ ಕಡಲತಳದ ಇಳಿಜಾರು ಬಹುದೂರದವರೆಗೆ ಮಂದವಾಗಿರುವುದರಿಂದ ಅದು ವಿಶೇಷವಾಗಿ ಭೀಕರವಾಗುತ್ತದೆ.

ನೀರಿನಂತೆಯೇ ಕಾಲವೂ ಇಲ್ಲಿ ನಿರ್ಣಾಯಕ. 1957ರ ಜೂನ್ 27ರಂದು ಲೂಸಿಯಾನಾದ ಕ್ಯಾಮರಾನ್ ಪ್ರದೇಶವನ್ನು ಹೊಕ್ಕ ಆಡ್ರಿ ಚಂಡಮಾರುತದಲ್ಲಿ ನಾನೂರಕ್ಕೂ ಹೆಚ್ಚು ಜನ ಮಡಿದರು. ಅವರಿಗೆ ಎಚ್ಚರಿಕೆಯು ತಲುಪಿರಲಿಲ್ಲವೆಂದಲ್ಲ. ಬೆಳಗಾದ ಮೇಲೆ ಹೊರಟರೂ ಸಾಕೆಂದು ತಿಳಿದು ಮಲಗಿದ ಅನೇಕರ ಮನೆಬಾಗಿಲಿಗೆ, ವೇಗವನ್ನು ಹೆಚ್ಚಿಸಿಕೊಂಡ ಚಂಡಮಾರುತವು ಹೊತ್ತಿಗೆ ಮುಂಚೆಯೇ ನೀರನ್ನು ತಂದಿತು.

4

2005ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಪರಸ್ಪರ ವಿರುದ್ಧವಾದ ಎರಡು ಪಾಠಗಳನ್ನು ಕೊಟ್ಟವು. ಕಟ್ರೀನಾ ಚಂಡಮಾರುತವು ತೀರವನ್ನು ಸೇರಿದ್ದು ಆಗಸ್ಟ್ 29ರ ಬೆಳಗ್ಗೆ. ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರದ ಕಡ್ಡಾಯ ಸ್ಥಳಾಂತರದ ಆಜ್ಞೆಯು ಹೊರಟದ್ದು 28ರಂದು. ಸ್ವಂತ ವಾಹನವಿಲ್ಲದ ಬಡವರು, ವೃದ್ಧರು, ರೋಗಿಗಳು ನಗರದಲ್ಲಿಯೇ ಉಳಿದರು. ಲೂಸಿಯಾನಾದ ಮೃತರಲ್ಲಿ ಅರ್ಧಕ್ಕೆ ಸಮೀಪವಾದಷ್ಟು ಜನ 75 ವರ್ಷ ಮುಟ್ಟಿದವರು ಅಥವಾ ಮೀರಿದವರೆಂಬುದು, ಅವರು ಆಜ್ಞೆಯನ್ನು ಧಿಕ್ಕರಿಸಿ ಉಳಿದರೆಂಬ ಆರೋಪಕ್ಕೆ ಸಾಕಾದಷ್ಟು ಉತ್ತರ.

ಆ ದುರಂತದ ದೃಶ್ಯಗಳನ್ನು ಕಂಡು ತಲ್ಲಣಗೊಂಡಿದ್ದ ಹ್ಯೂಸ್ಟನ್ ಪ್ರದೇಶದ ಜನರು, ಮೂರೇ ವಾರಗಳ ತರುವಾಯ ರೀಟಾ ಚಂಡಮಾರುತದ ವಾರ್ತೆಯನ್ನು ಕೇಳಿದೊಡನೆ, ನೀರು ಎಂದಿಗೂ ಮುಟ್ಟದ ಎತ್ತರದ ಬಡಾವಣೆಗಳಿಂದಲೂ ಹೊರಟುಬಿಟ್ಟರು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚಿದ್ದ ಆ ಜನಸ್ತೋಮವು ಹೆದ್ದಾರಿಗಳನ್ನು ತುಂಬಿ, ಕೆಲವೇ ಗಂಟೆಗಳ ದಾರಿಯನ್ನು ಇಡೀ ದಿನವಾದರೂ ಸವೆಸಲಾರದೆ, ಪೆಟ್ರೋಲು ತೀರಿ ಬಿರುಬಿಸಿಲಿನಲ್ಲಿ ನಿಂತಿತು. ಕಡಲಂಚಿನಿಂದ ನಿಜವಾಗಿಯೂ ಪಾರಾಗಬೇಕಾಗಿದ್ದವರು ಆ ದಟ್ಟಣೆಯ ಹಿಂದೆ ಸಿಕ್ಕಿಕೊಂಡರು. ಎರಡು ದಿಕ್ಕಿನ ಪಥಗಳನ್ನೂ ಹೊರಹೋಗುವವರಿಗೇ ಬಿಟ್ಟುಕೊಡುವ ನಿರ್ಧಾರವು ತಡವಾಗಿ ಬಂತು. ಡಲ್ಲಾಸ್ ನಗರದ ಸಮೀಪದಲ್ಲಿ ವೃದ್ಧಾಶ್ರಮವೊಂದರ ನಿವಾಸಿಗಳನ್ನು ಸಾಗಿಸುತ್ತಿದ್ದ ಬಸ್ಸಿಗೆ ಬೆಂಕಿ ತಗುಲಿ 23 ಮಂದಿ ದಗ್ಧರಾದರು. ಟೆಕ್ಸಸ್‌ನಲ್ಲಿ ರೀಟಾದ ಹೆಸರಿನಲ್ಲಿ ದಾಖಲಾದ ನೂರಕ್ಕೂ ಮಿಕ್ಕಿದ ಮರಣಗಳಲ್ಲಿ ಬಹುಪಾಲು ಸ್ಥಳಾಂತರದಿಂದಲೇ ಆದಂಥವು. ಚಂಡಮಾರುತವಾದರೋ ಪೂರ್ವಕ್ಕೆ ಸರಿದು ಟೆಕ್ಸಸ್–ಲೂಸಿಯಾನಾ ಗಡಿಯನ್ನು ತಾಕಿತು.

5

ಈ ಅನುಭವದಿಂದ ಆ ಪ್ರದೇಶದ ಆಡಳಿತವು ಕಲಿತದ್ದು ಸಾರ್ಥಕವಾದುದು. ಕರಾವಳಿಯನ್ನು ಅಂಚೆವಿಭಾಗಗಳ ಸಂಖ್ಯೆಗಳ ಆಧಾರದಿಂದ ವಲಯಗಳಾಗಿ ವಿಂಗಡಿಸಿ, ಕಡಲಿಗೆ ಸಮೀಪವಾದವರು ಮೊದಲು ಹೊರಡತಕ್ಕದ್ದೆಂದೂ, ಉಬ್ಬರವು ಮುಟ್ಟದ ಒಳನಾಡಿನವರು ಮನೆಗಳಲ್ಲಿಯೇ ಉಳಿಯತಕ್ಕದ್ದೆಂದೂ ಗೊತ್ತುಮಾಡಲಾಯಿತು; ವಾಹನವಿಲ್ಲದವರೂ ಅಶಕ್ತರೂ ಮುಂಚಿತವಾಗಿ ಹೆಸರು ಬರೆಯಿಸಿ ನೆರವು ಕೋರುವ ಏರ್ಪಾಡಾಯಿತು. 2008ರಲ್ಲಿ ಐಕ್ ಚಂಡಮಾರುತವು ಬಂದಾಗ ಈ ಕ್ರಮವು ಪರೀಕ್ಷೆಗೊಳಗಾಗಿ, ಹೆದ್ದಾರಿಗಳು ರೀಟಾದ ದಿನಗಳಂತೆ ಕಟ್ಟಿಕೊಳ್ಳಲಿಲ್ಲ. ಆದರೆ ಐಕ್ ಇನ್ನೊಂದು ದೋಷವನ್ನು ಹೊರಗೆಡಹಿತು. ಗಾಳಿಯ ವೇಗವನ್ನು ಐದು ದರ್ಜೆಗಳಾಗಿ ಅಳೆಯುವ ಸಾಫಿರ್–ಸಿಂಪ್ಸನ್ ಶ್ರೇಣಿಯಲ್ಲಿ ಅದು ಕೇವಲ ಎರಡನೆಯ ದರ್ಜೆಯದು. ಆದರೂ ಅದರ ವಿಸ್ತಾರವು ಅತ್ಯಧಿಕವಾಗಿದ್ದುದರಿಂದ ಹದಿನೈದು ಅಡಿಯನ್ನೂ ಮೀರಿದ ಉಬ್ಬರವು ಬೊಲಿವರ್ ಪರ್ಯಾಯದ್ವೀಪದ ಮೇಲೆ ಹರಿದು, ಗಿಲ್‌ಕ್ರಿಸ್ಟ್ ಎಂಬ ಊರಿನಲ್ಲಿ ಬೆರಳೆಣಿಕೆಯ ಮನೆಗಳನ್ನೂ ಉಳಿಸಿತೋ ಇಲ್ಲವೋ ಎನ್ನುವಂತಾಯಿತು. ತಗ್ಗಿನ ಮನೆಗಳಲ್ಲಿ ಉಳಿದವರಿಗೆ ಮರಣವು ನಿಶ್ಚಿತವೆಂದು ಹವಾಮಾನ ಇಲಾಖೆಯು ನೇರವಾಗಿ ಸಾರಿದ್ದರೂ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಸಹಸ್ರಾರು ಜನರು ಉಳಿದಿದ್ದರು. ದರ್ಜೆಯ ಅಂಕೆಯು ಉಬ್ಬರದ ವಿಷಯದಲ್ಲಿ ಜನರನ್ನು ದಾರಿತಪ್ಪಿಸುವುದೆಂದು ಮನಗಂಡು 2010ರಲ್ಲಿ ಆ ಶ್ರೇಣಿಯಿಂದ ಉಬ್ಬರದ ಉಲ್ಲೇಖವನ್ನು ತೆಗೆದುಹಾಕಲಾಯಿತು. 2017ರಿಂದ ಕಡಲುಬ್ಬರಕ್ಕೆ ಪ್ರತ್ಯೇಕವಾದ ಎಚ್ಚರಿಕೆಯು ಪ್ರಚಾರಕ್ಕೆ ಬಂತು.

ಅದೇ 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತವು 60 ಅಂಗುಲದವರೆಗೆ ಮಳೆ ಸುರಿಸಿದಾಗ, ಹ್ಯೂಸ್ಟನ್ ಮೇಯರ್ ಸಿಲ್ವೆಸ್ಟರ್ ಟರ್ನರ್ ನಗರವನ್ನು ತೆರವು ಮಾಡಿಸಲಿಲ್ಲ. ಲಕ್ಷಾಂತರ ವಾಹನಗಳು ಪ್ರವಾಹಕ್ಕೀಡಾಗುವ ರಸ್ತೆಗಳಲ್ಲಿ ಸಿಕ್ಕಿಕೊಳ್ಳುವುದು ಇನ್ನೂ ಘೋರವೆಂಬುದು ಅವರ ಸಮರ್ಥನೆ. ಟೆಕ್ಸಸ್‌ನಲ್ಲಿ ನೇರವಾಗಿ ಸಂಭವಿಸಿದ 68 ಮರಣಗಳಲ್ಲಿ ಒಂದಕ್ಕಾದರೂ ಕಡಲುಬ್ಬರವು ಕಾರಣವಾಗಲಿಲ್ಲ. ಬಹುತೇಕ ಎಲ್ಲವೂ ಮಳೆಯ ಪ್ರವಾಹದಿಂದಾದವು. ಉಬ್ಬರವನ್ನು ಅನುಸರಿಸಿ ಎಳೆದ ವಲಯರೇಖೆಗಳು ಮಳೆನೀರಿಗೆ ಸಾಲವೆಂಬುದು ಇದರಿಂದ ಸಿದ್ಧವಾಯಿತು; ಹೊಳೆದಂಡೆಗಳಿಗೂ ತಗ್ಗುಪ್ರದೇಶಗಳಿಗೂ ಬೇರೆಯೇ ಆದ ನಕ್ಷೆ ಅವಶ್ಯಕ.

6

ಜನರು ಏತಕ್ಕೆ ಹೊರಡುತ್ತಾರೆ, ಏತಕ್ಕೆ ಉಳಿಯುತ್ತಾರೆ ಎಂಬುದನ್ನು ಅನೇಕ ಚಂಡಮಾರುತಗಳ ತರುವಾಯ ಸಮೀಕ್ಷಿಸಿದ ಫ್ಲಾರಿಡಾದ ವಿದ್ವಾಂಸ ಅರ್ಲ್ ಬೇಕರ್ 1991ರಲ್ಲಿ ಪ್ರಕಟಿಸಿದ ನಿರ್ಣಯಗಳು ಇಲ್ಲಿ ಉಪಾದೇಯ. ವಾಸಸ್ಥಳದ ಅಪಾಯ, ಅಧಿಕಾರಿಗಳ ಸ್ಪಷ್ಟ ಆದೇಶ, ಮನೆಯ ಬಗೆ, ತನಗೆ ಅಪಾಯವುಂಟೆಂಬ ವೈಯಕ್ತಿಕ ನಂಬಿಕೆ ಇವುಗಳು ನಿರ್ಧಾರವನ್ನು ರೂಪಿಸುವಷ್ಟು, ತೀರದಲ್ಲಿ ಎಷ್ಟು ಕಾಲ ಬಾಳಿದ್ದಾರೆಂಬುದು ರೂಪಿಸದು. ಹಳಬರು ಮೊಂಡರೆಂಬ ಸಾಮಾನ್ಯ ನಂಬಿಕೆಗೆ ಇದರಲ್ಲಿ ಆಧಾರವಿಲ್ಲ. ಮನೆಮನೆಗೆ ತಲುಪುವ, ಈ ಬೀದಿಗೆ ಇಂತಿಷ್ಟು ಅಡಿ ನೀರು ಬರುವುದೆಂದು ತಿಳಿಸುವ ಆದೇಶವೇ ಪರಿಣಾಮಕಾರಿ.

ದೂರ ಹೋಗುವುದೊಂದೇ ರಕ್ಷಣೆಯ ಮಾರ್ಗವೆಂಬುದೂ ಪುನರ್ವಿಮರ್ಶೆಗೆ ಅರ್ಹ. 1999ರ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡ ಒಡಿಶಾ ರಾಜ್ಯವು ಹಳ್ಳಿಗಳ ಸಮೀಪದಲ್ಲಿಯೇ ಆಶ್ರಯಭವನಗಳನ್ನು ಕಟ್ಟಿ, 2013ರ ಫೈಲಿನ್ ಸಂದರ್ಭದಲ್ಲಿ ಹತ್ತು ಲಕ್ಷದಷ್ಟು ಜನರನ್ನು ಸುರಕ್ಷಿತ ತಾಣಗಳಿಗೆ ಸಾಗಿಸಿ, ಮರಣಗಳನ್ನು ಹತ್ತುಗಳ ಎಣಿಕೆಗೆ ಇಳಿಸಿತು. ಎತ್ತರವಾದ ಗಟ್ಟಿ ಕಟ್ಟಡವೊಂದು ನಡೆದು ಸೇರುವಷ್ಟು ಹತ್ತಿರದಲ್ಲಿದ್ದರೆ ನೂರಾರು ಮೈಲಿಗಳ ಹೆದ್ದಾರಿ ಎಲ್ಲರಿಗೂ ಬೇಕಾಗದು. ಸಂಪನ್ನ ರಾಷ್ಟ್ರವೂ ಅಂಗೀಕರಿಸಬಹುದಾದ ವಿವೇಕವಿದು.

ಗ್ಯಾಲ್ವೆಸ್ಟನ್ ಖಾರಿಯ ಮುಖಕ್ಕೆ ಬೃಹತ್ ದ್ವಾರಗಳನ್ನು ನಿರ್ಮಿಸುವ ಯೋಜನೆಗೆ ಅಮೆರಿಕಾದ ಶಾಸನಸಭೆಯು 2022ರಲ್ಲಿ ಅನುಮೋದನೆಯಿತ್ತಿದೆ. ಅದು ಪೂರ್ಣವಾದಾಗ ಅಸಂಖ್ಯ ಪ್ರಾಣಗಳು ಉಳಿಯಬಹುದು. ಆದರೆ ಅದರ ಭರವಸೆಯಿಂದ ಇನ್ನಷ್ಟು ಜನರು ಕಡಲಂಚಿಗೆ ನೆಲಸುವರೆಂಬ ಭಯವೂ ನಿರಾಧಾರವಲ್ಲ. ಆದುದರಿಂದ ದ್ವಾರಗಳಿಗೆ ವೆಚ್ಚ ಮಾಡುವ ಸರ್ಕಾರವು ತಗ್ಗಿನ ವಲಯಗಳಲ್ಲಿ ವಾಹನವಿಲ್ಲದವರ, ಹಾಸಿಗೆ ಹಿಡಿದವರ, ವೃದ್ಧಾಶ್ರಮಗಳಲ್ಲಿರುವವರ ಪಟ್ಟಿಯನ್ನು ವರ್ಷವರ್ಷವೂ ಪರಿಷ್ಕರಿಸಿ, ಅವರನ್ನು ಕರೆದೊಯ್ಯುವ ವಾಹನವನ್ನೂ ಇಳಿಸುವ ತಾಣವನ್ನೂ ಚಂಡಮಾರುತಗಳ ಕಾಲವು ಆರಂಭವಾಗುವ ಜೂನ್ ತಿಂಗಳಿಗೆ ಮೊದಲೇ ನಿಶ್ಚಯಿಸಿಡತಕ್ಕದ್ದು. ಕಟ್ರೀನಾದಲ್ಲಿ ಉಳಿದು ಮಡಿದ ವೃದ್ಧರಿಗೂ ರೀಟಾದಲ್ಲಿ ಹೊರಟು ಮಡಿದ ವೃದ್ಧರಿಗೂ ದೊರೆಯದೆ ಹೋದದ್ದು ಈ ಒಂದು ಸಿದ್ಧತೆಯೇ.